ಲೀಡ್ ಸಿಕ್ಕ ಮೇಲೆ ಬೆಂಗಳೂರು ಯಾಕೆ ಹಿಂದಕ್ಕೆ ಸರಿಯುತ್ತದೆ? ಫೈನಲ್‌ಗೆ ಮುಂಚೆ ಒಂದು ಪ್ರಶ್ನೆ

ಮಲ್ಲಂದೂರು ರಸ್ತೆ ಸ್ಟಾಪರ್, ಚಿಕ್ಕಮಗಳೂರು
8 ಏಪ್ರಿಲ್ 2025

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನ ಫೈನಲ್ ತಲುಪಿದೆ. ಖುಷಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾನುವಾರ ಗೋವಾದಲ್ಲಿ ನಡೆದದ್ದನ್ನು ನೋಡಿದ ಮೇಲೆ ಒಂದು ಪ್ರಶ್ನೆ ಕಾಡುತ್ತಿದೆ. ಶನಿವಾರದ ಒಳಗೆ ನಿಮ್ಮ ಮಾತು ಕೇಳಬೇಕು.

ಗೋವಾ ವಿರುದ್ಧದ ಸೆಮಿಫೈನಲ್ ಎರಡು ಲೆಗ್‌ನದು, ಅಂದರೆ ಎರಡೂ ಊರಲ್ಲಿ ಒಂದೊಂದು ಪಂದ್ಯ, ಗೋಲು ಕೂಡಿಸಿ ಲೆಕ್ಕ. ಮೊದಲನೆಯದನ್ನು ಕಂಠೀರವದಲ್ಲಿ 2-0 ಗೆದ್ದಿದ್ದೆವು. ಎರಡನೇ ಲೆಗ್‌ನಲ್ಲಿ, ಗೋವಾದ ಫತೋರ್ದಾ ಮೈದಾನದಲ್ಲಿ, 49ನೇ ನಿಮಿಷಕ್ಕೆ ಬೋರ್ಹಾ ಹೆರೆರಾ ಒಂದು ಗೋಲು ಹೊಡೆದ. ಇನ್ನೂ ನಾವೇ ಮುಂದೆ. ಆದರೂ ಅಲ್ಲಿಂದ ನಮ್ಮ ತಂಡ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಯಿತು. 88ನೇ ನಿಮಿಷಕ್ಕೆ ಸಾದಿಕು ಎರಡನೆಯದು ಹೊಡೆದ. ಒಟ್ಟು 2-2. ಆಮೇಲೆ ಇಂಜುರಿ ಟೈಮ್‌ನಲ್ಲಿ ಛೆಟ್ರಿಯ ಹೆಡರ್ ನಮ್ಮನ್ನು ಉಳಿಸಿತು. ನಲವತ್ತರ ವಯಸ್ಸಿನಲ್ಲಿ ಎಗರಿ ತಲೆ ಕೊಟ್ಟ. ಕೈ ಮುಗಿಯಬೇಕು ಆ ಮನುಷ್ಯನಿಗೆ. ಆದರೆ ಕೊನೆಗೆ ಛೆಟ್ರಿ ಇದ್ದಾನಲ್ಲ ಅನ್ನುವುದೇ ತಂಡದ ಯೋಜನೆ ಆಗಬಾರದು ಅಲ್ವಾ?

ಇದು ಒಂದು ದಿನದ ಕಥೆಯಾಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. 2020ರ ಮಾರ್ಚ್ ನೆನಪಿದೆಯಾ? ಎಟಿಕೆ ವಿರುದ್ಧ ಸೆಮಿಫೈನಲ್. ಮೊದಲ ಲೆಗ್ 1-0 ನಮ್ಮದು. ಕೋಲ್ಕತ್ತಾದಲ್ಲಿ 5ನೇ ನಿಮಿಷಕ್ಕೇ ಆಶಿಕ್ ಕುರುಣಿಯನ್ ಗೋಲು. ಒಟ್ಟು 2-0 ಮುಂದೆ. ಅಲ್ಲಿಂದ ರಾಯ್ ಕೃಷ್ಣ ಒಂದು, ಡೇವಿಡ್ ವಿಲಿಯಮ್ಸ್ ಎರಡು. 3-1 ಸೋತು ಹೊರಗೆ ಬಂದೆವು. ವಿಲಿಯಮ್ಸ್ ಹೊಡೆದ ಮೊದಲನೆಯದು ಪೆನಾಲ್ಟಿ.

2023ರ ಫೈನಲ್, ಎಟಿಕೆ ಮೋಹನ್ ಬಾಗಾನ್ ವಿರುದ್ಧ, ಮತ್ತೆ ಫತೋರ್ದಾ. ಆಗ ರಾಯ್ ಕೃಷ್ಣ ನಮ್ಮ ಕಡೆ. 78ನೇ ನಿಮಿಷಕ್ಕೆ ಅವನ ಹೆಡರ್‌ನಿಂದ 2-1. ಉಳಿದದ್ದು ಹನ್ನೆರಡು ನಿಮಿಷ. 85ಕ್ಕೆ ಪೆನಾಲ್ಟಿ ಕೊಟ್ಟೆವು, ಪೆಟ್ರಾಟೊಸ್ ತಪ್ಪಿಸಲಿಲ್ಲ. ಶೂಟೌಟ್‌ನಲ್ಲಿ 4-3 ಸೋಲು. 2018ರಲ್ಲಿ ಚೆನ್ನೈಯಿನ್ ವಿರುದ್ಧದ ಫೈನಲ್‌ನಲ್ಲೂ 9ನೇ ನಿಮಿಷಕ್ಕೆ ನಾವೇ ಮುಂದಿದ್ದೆವು. ಅದೂ ನಮ್ಮ ಕಂಠೀರವದಲ್ಲೇ. 3-2 ಸೋತೆವು.

ಕೋಚ್‌ಗಳು ಬದಲಾಗಿದ್ದಾರೆ. 2018ರಲ್ಲಿ ರೋಕಾ, 2020ರಲ್ಲಿ ಕ್ವಾದ್ರಾತ್, 2023ರಲ್ಲಿ ಗ್ರೇಸನ್, ಈಗ ಜರಗೋಜಾ. ಆಟಗಾರರೂ ಬಹುಪಾಲು ಬೇರೆ. ಆದರೂ ಆಗುತ್ತಿರುವುದು ಅದೇ.

ನನ್ನ ಅನಿಸಿಕೆ ಹೇಳುತ್ತೇನೆ. ಪೆನಾಲ್ಟಿ ಅಂದ ಕೂಡಲೇ ಎಲ್ಲರೂ ಅದೃಷ್ಟ, ರೆಫರಿ ಅನ್ನುತ್ತಾರೆ. ಆದರೆ ಚೆಂಡು ನಮ್ಮ ಬಾಕ್ಸ್ ಒಳಗೆ ಎಷ್ಟು ಹೊತ್ತು ಓಡಾಡುತ್ತದೋ ಅಷ್ಟು ಸಲ ಯಾರದೋ ಕಾಲು ತಡವಾಗಿ ಬೀಳುತ್ತದೆ, ಯಾರದೋ ಕೈಗೆ ಚೆಂಡು ತಾಗುತ್ತದೆ. ಅಪಾಯವನ್ನು ಆ ಬಾಕ್ಸ್‌ಗೆ ಕರೆದುಕೊಂಡು ಬಂದವರು ನಾವೇ. ನಲವತ್ತು ಗಜ ಮುಂದೆ ಅದೇ ಫೌಲ್ ಮಾಡಿದ್ದರೆ ಬರೀ ಫ್ರೀ ಕಿಕ್. ಹಾಗಾಗಿ ಲೀಡ್ ಕಾಯುವುದು ಅಂದರೆ ನಮ್ಮ ಗೋಲಿನ ಮುಂದೆ ನಿಲ್ಲುವುದಲ್ಲ, ನಮ್ಮ ಗೋಲಿನಿಂದ ದೂರ ನಿಲ್ಲುವುದು.

ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡುವವನು. ಕಾಲೇಜಿನಿಂದ ಊರಿನ ಟೀಮುಗಳಿಗೆ ಸ್ಟಾಪರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್, ಆಗಿ ಆಡಿದ್ದೇನೆ. ಈಗ ರಜೆಯ ದಿನ ಬೆಳಿಗ್ಗೆ ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ಅವರೆಲ್ಲ ಹದಿನಾಲ್ಕು ಹದಿನೈದರ ಹುಡುಗರು, ಬೆಂಗಳೂರಿನ ಆಟ ನೋಡಿಯೇ ಕಲಿಯುತ್ತಾರೆ. ಗೋವಾ ಪಂದ್ಯ ಮುಗಿದ ಮೇಲೆ ಒಬ್ಬ ನನ್ನನ್ನು ಕೇಳಿದ, "ಅಣ್ಣ, ಮುಂದಿದ್ದಾಗ ಎಲ್ಲರೂ ಹಿಂದೆ ಬರಬೇಕಾ?" ಅಂತ. ಅವನಿಗೆ ನೇರ ಉತ್ತರ ಕೊಡಬೇಕು.

ಪ್ರಶ್ನೆ ಇಷ್ಟೇ. ಹಿಂದೆ ಸರಿಯುವುದು ಕೋಚ್ ಹೇಳಿ ಆಗುವುದಾ, ಆಟಗಾರರ ಭಯಕ್ಕೆ ತಾನಾಗೇ ಆಗುವುದಾ? ಶನಿವಾರ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ನಾವು ಮೊದಲು ಗೋಲು ಹೊಡೆದರೆ ಜರಗೋಜಾ ಏನು ಮಾಡಬೇಕು?


ಹಾಸನದ ಗೋಲಿ
8 ಏಪ್ರಿಲ್

ಅಣ್ಣ, ಒಳ್ಳೆ ಪ್ರಶ್ನೆ. ಆದರೆ ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ನಾನು ಗೋಲಿ. ನಮ್ಮ ಜಾಗದಿಂದ ಇಡೀ ಮೈದಾನ ಕಾಣುತ್ತದೆ. ಡಿಫೆನ್ಸ್ ಹಿಂದೆ ಬರುವುದನ್ನು ಮೊದಲು ನೋಡುವವರು ನಾವೇ. "ಮೇಲೆ ಹೋಗ್ರೋ, ಮೇಲೆ ಹೋಗ್ರೋ" ಅಂತ ಗಂಟಲು ಹರಿಯುವ ಹಾಗೆ ಕೂಗುತ್ತೇವೆ. ಹೋಗುವುದಿಲ್ಲ. ಯಾಕೆ ಗೊತ್ತಾ? ಬೆನ್ನ ಹಿಂದೆ ಜಾಗ ಬಿಟ್ಟರೆ ಓಡಿ ಹೋಗುತ್ತಾನೆ ಅನ್ನುವ ಹೆದರಿಕೆ. ಅದು ಸುಮ್ನೆ ಹುಟ್ಟಿದ ಹೆದರಿಕೆ ಅಲ್ಲ.

ಶನಿವಾರ ಎದುರಿಗೆ ಇರುವುದು ಜೇಮಿ ಮ್ಯಾಕ್ಲಾರೆನ್. ಆಸ್ಟ್ರೇಲಿಯಾದ ಎ-ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವನು. ಅವನಿಗೆ ಬೇಕಾದ್ದೇ ಡಿಫೆನ್ಸ್ ಹಿಂದಿನ ಆ ಹತ್ತು ಹದಿನೈದು ಗಜ. ಎರಡು ಕಡೆ ಲಿಸ್ಟನ್, ಮನ್‌ವೀರ್. ಡಿಫೆನ್ಸ್ ಲೈನ್ ಮೇಲೆತ್ತಿ ಆಡಿದರೆ ಒಂದೇ ಪಾಸ್‌ಗೆ ನಮ್ಮ ಗೋಲಿ ಗುರ್‌ಪ್ರೀತ್ ಒಂಟಿಯಾಗಿ ಬಿಡುತ್ತಾನೆ. ಜನವರಿಯಲ್ಲಿ ಅದೇ ಮೈದಾನದಲ್ಲಿ 1-0 ಸೋತಿದ್ದೇವೆ, ಲಿಸ್ಟನ್ ಹೊಡೆದ ಗೋಲಿಗೆ.

ಹಿಂದೆ ನಿಂತು ಗೆದ್ದ ತಂಡಗಳು ಬೇಕಾದಷ್ಟಿವೆ. ಹಿಂದೆ ನಿಲ್ಲುವುದು ತಪ್ಪಲ್ಲ, ಸರಿಯಾಗಿ ನಿಲ್ಲದಿರುವುದು ತಪ್ಪು. ಇನ್ನೊಂದು ಮಾತು. 85ನೇ ನಿಮಿಷದ ಪೆನಾಲ್ಟಿಯನ್ನು ಯೋಜನೆಯ ದೋಷ ಅನ್ನುವುದು ನನಗೆ ಸರಿ ಕಾಣಲಿಲ್ಲ. ಒಬ್ಬ ಆಟಗಾರ ಕಾಲು ಹಾಕಿದ, ಅಷ್ಟೇ. ಅದಕ್ಕೆ ಕೋಚ್ ಏನು ಮಾಡಬೇಕು?


ಸಕಲೇಶಪುರ ಹುಡುಗಿ, ವೆಸ್ಟ್ ಬ್ಲಾಕ್
9 ಏಪ್ರಿಲ್

ಕೆಲಸ ಬೆಂಗಳೂರಿನಲ್ಲಿ, ಹಾಗಾಗಿ ಕಂಠೀರವದ ಪಂದ್ಯಗಳನ್ನು ತಪ್ಪಿಸುವುದಿಲ್ಲ. ಮುಂಬೈಗೆ 5-0 ಬಾರಿಸಿದ ದಿನವೂ ಅಲ್ಲೇ ಇದ್ದೆ, ಗೋವಾ ವಿರುದ್ಧ 2-0 ಗೆದ್ದ ದಿನವೂ.

ನೀವಿಬ್ಬರೂ ಯೋಜನೆ, ಭಯ ಅಂತ ಮಾತಾಡುತ್ತಿದ್ದೀರಿ. ಕಾಲುಗಳ ಬಗ್ಗೆ ಯಾರೂ ಹೇಳಲಿಲ್ಲ. ದಿನಾಂಕ ನೋಡಿ. ಮಾರ್ಚ್ 29 ಮುಂಬೈ. ಏಪ್ರಿಲ್ 2 ಗೋವಾ. ಏಪ್ರಿಲ್ 6 ಮತ್ತೆ ಗೋವಾ, ಅದೂ ಅಲ್ಲಿಗೆ ಹೋಗಿ. ಈಗ 12ಕ್ಕೆ ಕೋಲ್ಕತ್ತಾ. ಹದಿನೈದು ದಿನದಲ್ಲಿ ನಾಲ್ಕು ಪಂದ್ಯ, ನಾಲ್ಕೂ ಪ್ಲೇಆಫ್ ಪಂದ್ಯಗಳು. ಮೋಹನ್ ಬಾಗಾನ್ ಲೀಗ್‌ನಲ್ಲಿ ಮೊದಲಿತ್ತು, ನೇರ ಸೆಮಿಗೆ ಬಂತು. ನಾವು ಮೂರನೆಯವರು, ಒಂದು ನಾಕೌಟ್ ಜಾಸ್ತಿ ಆಡಬೇಕಾಯಿತು. ಈ ಪ್ಲೇಆಫ್ ಪದ್ಧತಿಯೇ ಹಾಗೆ. ಲೀಗ್‌ನಲ್ಲಿ ಮೊದಲ ಎರಡು ಸ್ಥಾನ ಬಿಟ್ಟುಕೊಟ್ಟದ್ದಕ್ಕೆ ಏಪ್ರಿಲ್‌ನಲ್ಲಿ ಕಾಲು ಸಾಲ ತೀರಿಸಬೇಕು.

ಗೋವಾ ಪಂದ್ಯವನ್ನು ಇನ್ನೊಮ್ಮೆ ನೋಡಿ. ಎರಡನೇ ಅರ್ಧದಲ್ಲಿ ನಮ್ಮ ಮಿಡ್‌ಫೀಲ್ಡ್ ಪ್ರೆಸ್ ಮಾಡಲು, ಅಂದರೆ ಎದುರಿನವರ ಮೇಲೆ ಬಿದ್ದು ಚೆಂಡು ಕಸಿಯಲು, ಹೊರಡುತ್ತದೆ, ಅರ್ಧ ದಾರಿಗೆ ನಿಲ್ಲುತ್ತದೆ. ಮುಂದೆ ಇರುವವರು ಓಡಿದರು, ಹಿಂದಿನವರು ಬರಲಿಲ್ಲ. ಮಧ್ಯೆ ದೊಡ್ಡ ಜಾಗ. ಆ ಜಾಗ ಮುಚ್ಚಲು ಮುಂದಿನವರೂ ಹಿಂದೆ ಬಂದರು. ಇದನ್ನೇ ನೀವು ಹಿಂದೆ ಸರಿಯುವುದು ಅನ್ನುತ್ತಿದ್ದೀರಿ. ಯಾರೂ ಹೇಳಿದ್ದಲ್ಲ, ಉಸಿರು ಸಾಲದೆ ಆದದ್ದು.

ಹಾಗಾದರೆ ಕೋಚ್ ಕೆಲಸ ಎಲ್ಲಿ? ಬೆಂಚಿನಲ್ಲಿ. ಐದು ಬದಲಾವಣೆ ಮಾಡಬಹುದು. ಅದನ್ನು 60ನೇ ನಿಮಿಷದಿಂದಲೇ ಬಳಸಬೇಕು, ಗೋಲು ತಿಂದ ಮೇಲಲ್ಲ. ಮುಂದಿದ್ದಾಗ ಬದಲಾವಣೆ ಮಾಡಲು ಕೋಚ್‌ಗಳು ಹಿಂಜರಿಯುತ್ತಾರೆ. ನಡೆಯುತ್ತಿರುವುದನ್ನು ಯಾಕೆ ಕೆಡಿಸಬೇಕು ಅಂತ. ಆದರೆ ಅದು ನಡೆಯುತ್ತಿರುವುದಿಲ್ಲ, ಕುಂಟುತ್ತಿರುತ್ತದೆ.


ಬೇಲೂರಿನವ
9 ಏಪ್ರಿಲ್

ನನ್ನದು ಒಂದೇ ಮಾತು. ಛೆಟ್ರಿ ಶುರುವಿನಿಂದ ಆಡಬೇಕು. ಈ ಸೀಸನ್‌ನಲ್ಲಿ 14 ಗೋಲು ಹೊಡೆದಿದ್ದಾನೆ, ಭಾರತೀಯರಲ್ಲಿ ಅವನೇ ಮೊದಲು. ಫೈನಲ್‌ನಲ್ಲಿ ಅವನನ್ನು ಬೆಂಚಿನಲ್ಲಿ ಕೂರಿಸುವ ಮಾತೇ ಬೇಡ.


ಕಡೂರು ಪಿಟಿ ಮೇಷ್ಟ್ರು
10 ಏಪ್ರಿಲ್

ಚರ್ಚೆ ಚೆನ್ನಾಗಿದೆ. ಮೊದಲು ಒಂದು ತಿದ್ದುಪಡಿ. ಸ್ಟಾಪರ್ ಅವರೇ, 2018ನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ. ಆ ದಿನ ಬೆಂಗಳೂರು ಹಿಂದೆ ಸರಿದು ಸೋತದ್ದಲ್ಲ. ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡರ್ ಹಾಕಿದ, 17ನೇ ನಿಮಿಷಕ್ಕೆ ಒಂದು, ಅರ್ಧ ಮುಗಿಯುವ ಹೊತ್ತಿಗೆ ಇನ್ನೊಂದು. ಅದು ಕಾರ್ನರ್‌ನಲ್ಲಿ ಯಾರು ಯಾರನ್ನು ಹಿಡಿಯಬೇಕು ಅನ್ನುವ ಲೆಕ್ಕ ತಪ್ಪಿದ್ದು. ಬೇರೆ ರೋಗ, ಬೇರೆ ಔಷಧಿ. ಆ ವರ್ಷ ಲೀಗ್‌ನಲ್ಲಿ 40 ಪಾಯಿಂಟ್ ನಮ್ಮದು, ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಆಗ ಲೀಗ್ ಗೆದ್ದವರಿಗೆ ಶೀಲ್ಡ್ ಎಂಬುದೇ ಇರಲಿಲ್ಲ. ಎಂಟು ಪಾಯಿಂಟ್ ಮುಂದಿದ್ದ ತಂಡ ಒಂದು ಸಂಜೆಯಲ್ಲಿ ಎಲ್ಲ ಕಳೆದುಕೊಂಡಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರುವರ್ಷ ಕ್ವಾದ್ರಾತ್ ಅದೇ ಸೆಟ್ ಪೀಸ್‌ನಿಂದ, ಅಂದರೆ ಕಾರ್ನರ್‌ನಿಂದಲೇ, ಕಪ್ ತಂದರು. 2019ರ ಫೈನಲ್, ಗೋವಾ ವಿರುದ್ಧ, ಎಕ್ಸ್‌ಟ್ರಾ ಟೈಮ್ ಮುಗಿಯುತ್ತಾ ಬಂದಿತ್ತು. ದಿಮಾಸ್ ಕಾರ್ನರ್, ರಾಹುಲ್ ಭೇಕೆ ಹೆಡರ್, 1-0. ಅದು ಅಭ್ಯಾಸದಿಂದ ಬಂದದ್ದು. ನನ್ನ ಮಾತಿನ ತಿರುಳು ಇದೇ. ಯಾವುದನ್ನು ಅಭ್ಯಾಸ ಮಾಡುತ್ತೀರೋ ಅದು ಮಾತ್ರ ಒತ್ತಡದಲ್ಲಿ ಕೈಗೆ ಸಿಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಿಂದೆ ಸರಿಯುವುದು ಕೋಚ್ ಹೇಳಿ ಆಗುವುದಲ್ಲ, ನಿಜ. ಆದರೆ ಸರಿಯಬೇಡಿ ಅಂತ ಬಾಯಲ್ಲಿ ಹೇಳಿದರೆ ನಿಲ್ಲುವುದೂ ಇಲ್ಲ. ನಮ್ಮ ಶಾಲೆ ಹುಡುಗರಿಗೆ ನಾನು ಮಾಡಿಸುವುದು ಹೀಗೆ. ಅಭ್ಯಾಸದ ಕೊನೆಯಲ್ಲಿ ಹತ್ತು ನಿಮಿಷದ ಪಂದ್ಯ. ಒಂದು ಕಡೆಯವರು 1-0 ಮುಂದಿದ್ದಾರೆ ಅಂತಲೇ ಶುರು. ಬಾಕ್ಸ್‌ನಿಂದ ಸುಮಾರು ಹತ್ತು ಮೀಟರ್ ಮುಂದೆ ಸುಣ್ಣದ ಗೆರೆ ಹಾಕುತ್ತೇನೆ. ಚೆಂಡು ಆ ಗೆರೆಯ ಆಚೆ ಇರುವಾಗ ಮುಂದಿರುವ ತಂಡದ ಯಾವ ಡಿಫೆಂಡರೂ ಗೆರೆ ದಾಟಿ ಹಿಂದೆ ಬರುವ ಹಾಗಿಲ್ಲ. ಬಂದರೆ ಎದುರಿನವರಿಗೆ ಒಂದು ಗೋಲು.

ಮೊದಲ ವಾರ ಗಲಾಟೆಯೋ ಗಲಾಟೆ. ಬೆನ್ನ ಹಿಂದೆ ಚೆಂಡು ಬೀಳುತ್ತದೆ, ಗೋಲು ಆಗುತ್ತದೆ, ಹುಡುಗರು ನನ್ನ ಮೇಲೆ ಸಿಟ್ಟಾಗುತ್ತಾರೆ. ಆಮೇಲೆ ನಿಧಾನವಾಗಿ ಒಂದು ವಿಷಯ ಅವರಿಗೇ ಹೊಳೆಯುತ್ತದೆ. ಚೆಂಡು ಒದೆಯುವವನ ಮೇಲೆ ಒಬ್ಬ ಬಿದ್ದಿದ್ದರೆ ಅವನು ತಲೆ ಎತ್ತಿ ನೋಡಿ ಉದ್ದ ಪಾಸ್ ಕೊಡಲಾರ. ಅವನನ್ನು ಬಿಟ್ಟರೆ ಮಾತ್ರ ಬೆನ್ನ ಹಿಂದಿನ ಜಾಗ ಅಪಾಯ. ಅಂದರೆ ಡಿಫೆನ್ಸ್ ಮೇಲೆ ನಿಲ್ಲಬೇಕಾದರೆ ಫಾರ್ವರ್ಡ್‌ಗಳು ದುಡಿಯಬೇಕು. ಗೋಲಿ ತಮ್ಮಾ, ನಿನ್ನ ಮ್ಯಾಕ್ಲಾರೆನ್ ಭಯಕ್ಕೆ ಉತ್ತರ ಇದರಲ್ಲಿದೆ. ಅವನ ಓಟ ತಡೆಯುವುದು ಸ್ಟಾಪರ್ ಅಲ್ಲ, ಪಾಸ್ ಕೊಡುವವನ ಎದುರು ನಿಲ್ಲುವವನು.

ಸಕಲೇಶಪುರದ ಅಮ್ಮಣ್ಣಿ ಹೇಳಿದ್ದು ಇಲ್ಲಿಗೆ ಕೂಡುತ್ತದೆ. ದುಡಿಯಲು ಕಾಲು ಬೇಕು. ಅದಕ್ಕೇ ಮುಂದಿದ್ದಾಗ ಮೊದಲು ಬದಲಾಯಿಸಬೇಕಾದ್ದು ಫಾರ್ವರ್ಡ್‌ಗಳನ್ನು. ನಮ್ಮಲ್ಲಿ ಉಲ್ಟಾ ಮಾಡುತ್ತಾರೆ. ಫಾರ್ವರ್ಡ್ ತೆಗೆದು ಇನ್ನೊಬ್ಬ ಬ್ಯಾಕ್ ತರುತ್ತಾರೆ. ಆಗ ಒದ್ದ ಚೆಂಡು ಹಿಡಿದುಕೊಳ್ಳಲು ಮುಂದೆ ಯಾರೂ ಇರುವುದಿಲ್ಲ. ಒದ್ದಷ್ಟೇ ಬೇಗ ವಾಪಸ್ ಬರುತ್ತದೆ.


ಮಲ್ಲಂದೂರು ರಸ್ತೆ ಸ್ಟಾಪರ್
10 ಏಪ್ರಿಲ್

ಮೇಷ್ಟ್ರೇ, 2018ರ ಮಾತು ಒಪ್ಪಿದೆ, ತೆಗೆದೆ. ಉಳಿದ ಎರಡನ್ನು ಬಿಡುವುದಿಲ್ಲ.

ಗೋಲಿ, ನೀನು ಕೇಳಿದೆ, ಒಬ್ಬ ಕಾಲು ಹಾಕಿದರೆ ಕೋಚ್ ಏನು ಮಾಡಬೇಕು ಅಂತ. ನಾನು ವರ್ಷಗಟ್ಟಲೆ ಸ್ಟಾಪರ್ ಆಡಿದವನು, ಆ ಕಾಲು ಹೇಗೆ ಹೊರಗೆ ಬರುತ್ತದೆ ಅಂತ ಗೊತ್ತು. ಬಾಕ್ಸ್ ಒಳಗೆ ನಿಂತು ಒಂದು ದಾಳಿ ತಡೆದೆ. ಒದ್ದೆ. ಅರೆನಿಮಿಷದಲ್ಲಿ ಮತ್ತೆ ಬಂತು. ಮತ್ತೆ ತಡೆದೆ. ಐದನೆಯದಕ್ಕೆ ತಲೆ ಹೇಳಿದ್ದು ಕಾಲಿಗೆ ತಡವಾಗಿ ತಲುಪುತ್ತದೆ. ಚೆಂಡು ಹೋಗಿರುತ್ತದೆ, ಕಾಲು ಎದುರಿನವನ ಕಣಕಾಲಿಗೆ ಬೀಳುತ್ತದೆ. ನೋಡುವವರಿಗೆ ಅದು ಒಬ್ಬನ ತಪ್ಪು. ಆದರೆ ಆ ಐದು ದಾಳಿ ಒಂದರ ಹಿಂದೆ ಒಂದು ಬಂದದ್ದು ಯಾಕೆ? ಚೆಂಡು ನಮ್ಮ ಹತ್ತಿರ ನಿಲ್ಲಲಿಲ್ಲ, ಅದಕ್ಕೆ.

ಹಾಗಾಗಿ ಶನಿವಾರಕ್ಕೆ ನನ್ನ ಆಸೆ ಇದು. ಮುಂದಿದ್ದರೆ ನಮ್ಮ ಮಿಡ್‌ಫೀಲ್ಡರ್ ನೊಗುವೆರಾ ಮೈದಾನದಲ್ಲೇ ಇರಬೇಕು. ಅವನ ಕಾಲಿಗೆ ಚೆಂಡು ಸಿಕ್ಕರೆ ನಮ್ಮ ಡಿಫೆನ್ಸ್‌ಗೆ ಉಸಿರು ಸಿಗುತ್ತದೆ. ರಯಾನ್ ವಿಲಿಯಮ್ಸ್ ಬದಿಯಲ್ಲಿ ಎತ್ತರದಲ್ಲೇ ನಿಲ್ಲಬೇಕು, ಹಿಂದೆ ಬಂದು ಬ್ಯಾಕ್‌ಗೆ ಸಹಾಯ ಮಾಡುವುದು ಬೇಡ. ಅವನು ಮೇಲಿದ್ದರೆ ಅವರ ಬ್ಯಾಕ್ ಮುಂದೆ ಬರಲು ಯೋಚಿಸುತ್ತಾನೆ. ಒಬ್ಬನಿಂದ ಇಬ್ಬರನ್ನು ಕಟ್ಟಿಹಾಕಿದ ಹಾಗೆ.

ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಇದೇ ಬಾಗಾನ್‌ಗೆ 3-0 ಹೊಡೆದದ್ದು ಮರೆಯಬೇಡಿ. ಒಂದು ಗೋಲಿಗೆ ನಿಲ್ಲಲಿಲ್ಲ ಅವತ್ತು. ಎರಡಕ್ಕೂ ನಿಲ್ಲಲಿಲ್ಲ.

ಬೇಲೂರಿನವರೇ, ಛೆಟ್ರಿ ವಿಷಯದಲ್ಲಿ ನಾನು ಜಗಳ ಆಡುವುದಿಲ್ಲ. ಶುರುವಿನಿಂದ ಆಡಲಿ. ಆದರೆ ಮೇಷ್ಟ್ರು ಹೇಳಿದ ಆ ದುಡಿಮೆ, ಪಾಸ್ ಕೊಡುವವನ ಮೇಲೆ ಬೀಳುವುದು, ಅದನ್ನು ತೊಂಬತ್ತು ನಿಮಿಷ ಅವನಿಂದ ಕೇಳಬಾರದು.


ಹಾಸನದ ಗೋಲಿ
13 ಏಪ್ರಿಲ್

ಏನು ಬರೆಯಬೇಕು ಗೊತ್ತಾಗುತ್ತಿಲ್ಲ. 2-1 ಸೋತೆವು. ಮತ್ತೊಂದು ಫೈನಲ್ ಹೋಯಿತು.

ಕೈಗೆ ಚೆಂಡು ತಾಗಿ ಪೆನಾಲ್ಟಿ ಆಯಿತು ಅಂತ ನಮ್ಮ ಡಿಫೆಂಡರ್ ಚಿಂಗ್ಲೆನ್‌ಸನಾನನ್ನು ಯಾರೂ ಬೈಯಬೇಡಿ ದಯವಿಟ್ಟು. ಅಷ್ಟು ಹತ್ತಿರದಿಂದ ಚೆಂಡು ಬಂದರೆ ಕೈ ಎಲ್ಲಿಡಬೇಕು? ಡಿಫೆಂಡರ್‌ಗಳು ಈಗ ಬಾಕ್ಸ್ ಒಳಗೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡುತ್ತಾರೆ, ನೋಡಿದ್ದೀರಲ್ಲ. ಹಾಗೆ ಓಡಿದರೆ ಸಮತೋಲನ ಇರುವುದಿಲ್ಲ, ತಿರುಗಲು ಆಗುವುದಿಲ್ಲ. ಕೈ ಬಿಟ್ಟರೆ ಪೆನಾಲ್ಟಿ. ವಿಎಆರ್ (ವಿಡಿಯೊ ನೋಡಿ ತೀರ್ಪು ತಿದ್ದುವ ಪದ್ಧತಿ) ಇಲ್ಲದ ಲೀಗ್, ರೆಫರಿ ಕೊಟ್ಟದ್ದೇ ಕೊನೆ.

ಬಾಗಾನ್ ನಮಗಿಂತ ಒಳ್ಳೆ ತಂಡ ಅನ್ನುವುದನ್ನೂ ಒಪ್ಪಬೇಕು. ಲೀಗ್‌ನಲ್ಲಿ 56 ಪಾಯಿಂಟ್ ಅವರದು, ನಮ್ಮದು 38. ಶೀಲ್ಡೂ ಅವರದೇ, ಕಪ್ಪೂ ಅವರದೇ. ಇದು ಯೋಜನೆಗಿಂತ ದೊಡ್ಡ ಅಂತರ ಅಂತ ನನಗನ್ನಿಸುತ್ತದೆ.


ಸಕಲೇಶಪುರ ಹುಡುಗಿ, ವೆಸ್ಟ್ ಬ್ಲಾಕ್
13 ಏಪ್ರಿಲ್

ರಾತ್ರಿ ನಿದ್ದೆ ಬರಲಿಲ್ಲ. ಎಕ್ಸ್‌ಟ್ರಾ ಟೈಮ್ ಶುರುವಾಗಿ ಆರು ನಿಮಿಷ, 96ಕ್ಕೆ ಮ್ಯಾಕ್ಲಾರೆನ್. ಅಲ್ಲಿಂದಾಚೆ ನಮಗೆ ಓಡುವ ಶಕ್ತಿ ಇರಲಿಲ್ಲ ಅನ್ನುವುದು ಪರದೆಯಲ್ಲೇ ಕಾಣುತ್ತಿತ್ತು. ನಾಲ್ಕನೇ ಪಂದ್ಯ, ಅದೂ 120 ನಿಮಿಷ, ಸಾಲ್ಟ್ ಲೇಕ್ ತುಂಬ ಅವರ ಜನ.

ಮುಂದಿನ ಸೀಸನ್‌ಗೆ ನನ್ನ ಬೇಡಿಕೆ ಒಂದೇ. ಲೀಗ್‌ನಲ್ಲಿ ಮೊದಲ ಎರಡರಲ್ಲಿ ಇರಿ. ಪ್ಲೇಆಫ್ ಯೋಜನೆ ಶುರುವಾಗಬೇಕಾದ್ದು ಏಪ್ರಿಲ್‌ನಲ್ಲಲ್ಲ, ಸೀಸನ್‌ನ ಮೊದಲ ತಿಂಗಳಲ್ಲಿ. ಕೆಳಗಿರುವ ತಂಡಗಳ ಹತ್ತಿರ ಬಿಟ್ಟ ಒಂದೊಂದು ಪಾಯಿಂಟೂ ಇಲ್ಲಿ ಬಂದು ಕೇಳುತ್ತದೆ.


ಮಲ್ಲಂದೂರು ರಸ್ತೆ ಸ್ಟಾಪರ್
14 ಏಪ್ರಿಲ್

ಎರಡು ದಿನ ಸುಮ್ನಿದ್ದೆ. ಸಿಟ್ಟಿನಲ್ಲಿ ಬರೆಯಬಾರದು ಅಂತ. ನಿನ್ನೆ ರಾತ್ರಿ ಪಂದ್ಯವನ್ನು ಮೊಬೈಲಿನಲ್ಲಿ ಇನ್ನೊಮ್ಮೆ ಹಾಕಿಕೊಂಡು ನೋಡಿದೆ, 49ರಿಂದ 72ನೇ ನಿಮಿಷದವರೆಗೆ ಮಾತ್ರ.

49. ರಯಾನ್ ವಿಲಿಯಮ್ಸ್ ಕ್ರಾಸ್, ಆಲ್ಬರ್ಟೊ ರೊಡ್ರಿಗಸ್ ತನ್ನದೇ ಗೋಲಿಗೆ ಹಾಕಿಕೊಂಡ. ಮೊದಲ ಅರ್ಧದಲ್ಲಿ ನಾವು ಹೆದರದೆ ಆಡಿದ್ದಕ್ಕೆ ಸಿಕ್ಕ ಗೋಲು ಅದು. ಬದಿಯಲ್ಲಿ ಎತ್ತರದಲ್ಲಿ ಒಬ್ಬ ಇದ್ದ, ಅದಕ್ಕೆ ಕ್ರಾಸ್ ಬಂತು, ಒತ್ತಡದಲ್ಲಿ ಅವರ ಡಿಫೆಂಡರ್ ತಪ್ಪಿದ. ತಪ್ಪು ಆಗುವುದು ಚೆಂಡು ಯಾರ ಬಾಕ್ಸ್‌ನಲ್ಲಿ ಇರುತ್ತದೋ ಅವರಿಂದ. ನಾನು ಮೊದಲ ದಿನ ಹೇಳಿದ್ದೂ ಅದನ್ನೇ. ಈ ಸಲ ನಮಗೆ ಅದರಿಂದ ಲಾಭ ಆಯಿತು.

ಆಮೇಲೆ ಏನಾಯಿತು? ಗೋಲು ಆದ ಹೊಸತರಲ್ಲಿ ಚೆನ್ನಾಗೇ ಇತ್ತು. ಚೆಂಡು ಓಡಾಡಿತು. ನಿಧಾನಕ್ಕೆ ನಮ್ಮ ಸ್ಟಾಪರ್‌ಗಳು ಎರಡು ಹೆಜ್ಜೆ, ಇನ್ನೆರಡು ಹೆಜ್ಜೆ ಹಿಂದೆ. ಮಿಡ್‌ಫೀಲ್ಡ್ ಅವರ ಜೊತೆಗೇ ಬಂತು. ಬಾಕ್ಸ್ ಹೊರಗೆ, ಆ ಅರ್ಧ ಚಂದ್ರದ ಗೆರೆ ಇರುತ್ತದಲ್ಲ, ನಾವು ಒದ್ದು ಹೊರಹಾಕಿ ಅಲ್ಲಿ ಬೀಳುವ ಚೆಂಡೆಲ್ಲ ಬಾಗಾನ್‌ಗೆ. ಮತ್ತೆ ಒಳಗೆ. ಮತ್ತೆ ಹೊರಗೆ. ಮತ್ತೆ ಒಳಗೆ. 72ಕ್ಕೆ ಕೈಗೆ ತಾಗಿತು. ಬಾಗಾನ್‌ನ ಕಮಿಂಗ್ಸ್ ಪೆನಾಲ್ಟಿ ಹೊಡೆದ, 1-1.

2020, 2023, 2025. ಮೂರು ಪ್ಲೇಆಫ್, ಮೂರರಲ್ಲೂ ನಾವು ಮುಂದೆ, ಮೂರರಲ್ಲೂ ಪೆನಾಲ್ಟಿ ಕೊಟ್ಟು ಲೀಡ್ ಕಳೆದುಕೊಂಡೆವು. ಗೋಲಿ, ಚಿಂಗ್ಲೆನ್‌ಸನಾನನ್ನು ಬೈಯಬೇಡಿ ಅಂದೆ, ನಾನು ಬೈಯುವುದೇ ಇಲ್ಲ. ಅವನ ಜಾಗದಲ್ಲಿ ನಿಂತವನಿಗೇ ಆ ಕಷ್ಟ ಗೊತ್ತು. ಆದರೆ ಅವನನ್ನು ಅಷ್ಟು ಹೊತ್ತು ಆ ಜಾಗದಲ್ಲಿ ನಿಲ್ಲಿಸಿದ್ದು ಇಡೀ ತಂಡ. ನೀನು ಒಬ್ಬನ ತಪ್ಪಲ್ಲ ಅನ್ನುತ್ತೀಯ, ನಾನೂ ಅದನ್ನೇ ಹೇಳುತ್ತಿದ್ದೇನೆ. ಒಬ್ಬನ ತಪ್ಪಲ್ಲ, ಹಾಗಾಗಿ ಅದೃಷ್ಟವೂ ಅಲ್ಲ.

56 ಮತ್ತು 38ರ ಅಂತರ ನಿಜ. ಆದರೆ ಒಂದು ಪಂದ್ಯಕ್ಕೆ ಅಂತರ ಮುಚ್ಚಬಹುದು, 72ನೇ ನಿಮಿಷದವರೆಗೆ ಮುಚ್ಚಿದ್ದೆವು ಕೂಡ. ಜರಗೋಜಾ ಮೇಲೆ ನನಗೆ ಕೋಪ ಇಲ್ಲ. 2023ರ ಡಿಸೆಂಬರ್‌ನಲ್ಲಿ ಅವರು ಬಂದಾಗ ತಂಡ ಯಾವ ಸ್ಥಿತಿಯಲ್ಲಿತ್ತು ಅಂತ ನೆನಪಿಟ್ಟುಕೊಳ್ಳಬೇಕು. ಅಲ್ಲಿಂದ ಒಂದೂವರೆ ವರ್ಷದೊಳಗೆ ಫೈನಲ್‌ಗೆ ತಂದಿದ್ದಾರೆ. ಅವರು ಇರಬೇಕು. ಇದ್ದು, ಮುಂದಿದ್ದಾಗ ಆಡುವ ಆಟವನ್ನು ಬೇರೆಯಾಗಿ ಕಲಿಸಬೇಕು. ಹಿಂದಿದ್ದಾಗ ಹೇಗೆ ಆಡಬೇಕು ಅಂತ ಈ ತಂಡಕ್ಕೆ ಮೊದಲಿನಿಂದ ಗೊತ್ತು. 2019ರಲ್ಲಿ ನಾರ್ತ್‌ಈಸ್ಟ್ ವಿರುದ್ಧ ಗುವಾಹಟಿಯಲ್ಲಿ 2-1 ಸೋತು ಬಂದು ಕಂಠೀರವದಲ್ಲಿ 3-0 ಗೆದ್ದವರು ನಾವು. ಮೊನ್ನೆ ಗೋವಾದಲ್ಲೂ ಸಮ ಆದ ಮೇಲೇ ತಾನೆ ಮತ್ತೆ ಮುಂದೆ ಹೋದದ್ದು? ಕಳೆದುಕೊಂಡ ಮೇಲೆ ಬರುವ ಧೈರ್ಯ ಕೈಯಲ್ಲಿರುವಾಗಲೇ ಬರಬೇಕು.

ಆ ಹುಡುಗನಿಗೆ ನಿನ್ನೆ ಉತ್ತರ ಕೊಟ್ಟೆ. ಎಲ್ಲರೂ ಹಿಂದೆ ಬರಬಾರದು, ಒಬ್ಬನಾದರೂ ಮೇಲೆ ಇರಬೇಕು, ಅವನ ಕಡೆ ಚೆಂಡು ಕಳಿಸಬೇಕು ಅಂತ. "ಹಾಗಾದರೆ ಬೆಂಗಳೂರಿನವರು ಯಾಕೆ ಬಂದರು?" ಅಂದ. ಸುಸ್ತಾಗಿತ್ತು, ಹೆದರಿಕೆಯೂ ಇತ್ತು ಅಂದೆ. ಅವನಿಗೆ ಅದು ಅರ್ಥ ಆಯಿತು.

ಮೇಷ್ಟ್ರೇ, ನಿಮ್ಮ ಸುಣ್ಣದ ಗೆರೆ ಆಟವನ್ನು ಈ ವಾರದಿಂದಲೇ ಶುರು ಮಾಡಬೇಕು ಅಂತಿದ್ದೇನೆ. ಸೆವೆನ್ಸ್ (ಕಡೆಗೆ ಏಳು ಜನ ಆಡುವ) ಮೈದಾನದಲ್ಲಿ ಆಡಿಸುವುದಾದರೆ ಗೆರೆ ಎಲ್ಲಿಗೆ ಹಾಕಬೇಕು? ನಮ್ಮ ಜಾಗ ಚಿಕ್ಕದು, ಒಂದು ಕಡೆ ಸ್ವಲ್ಪ ಇಳಿಜಾರು ಬೇರೆ. ಜೂನ್‌ನಲ್ಲಿ ಮಳೆ ಹಿಡಿದರೆ ಸುಣ್ಣ ನಿಲ್ಲುವುದಿಲ್ಲ, ಅಷ್ಟರೊಳಗೆ ಹುಡುಗರ ಕಾಲಿಗೆ ಇದು ಕೂತಿರಬೇಕು.


ಕಡೂರು ಪಿಟಿ ಮೇಷ್ಟ್ರು
14 ಏಪ್ರಿಲ್

ಸೆವೆನ್ಸ್‌ಗೆ ಮೈದಾನದ ಉದ್ದವನ್ನು ಮೂರು ಪಾಲು ಮಾಡಿ. ನಿಮ್ಮ ಗೋಲಿನ ಕಡೆಯ ಮೊದಲ ಪಾಲು ಮುಗಿಯುವಲ್ಲಿ ಗೆರೆ. ಇಳಿಜಾರಿನ ತಲೆಯಲ್ಲಿ ಇರುವ ಗೋಲನ್ನು ಮುಂದಿರುವ ತಂಡಕ್ಕೆ ಕೊಡಬೇಡಿ, ಸುಲಭ ಆಗುತ್ತದೆ. ಕೆಳಗಿನ ಗೋಲು ಕೊಡಿ, ಚೆಂಡು ತಾನಾಗೇ ಅವರ ಕಡೆ ಉರುಳಿ ಬರಲಿ. ಆಗಲೂ ಮೇಲೆ ನಿಲ್ಲುವುದನ್ನು ಕಲಿತರೆ ಸಮ ನೆಲದಲ್ಲಿ ಕಷ್ಟವೇ ಇಲ್ಲ.

ಗೋಲಿಯನ್ನೂ ಸುಮ್ನೆ ನಿಲ್ಲಿಸಬೇಡಿ. ಬೆನ್ನ ಹಿಂದೆ ಬಿದ್ದ ಚೆಂಡಿಗೆ ಅವನೇ ಓಡಿ ಬಂದು ಒದೆಯಬೇಕು, ಗೋಲು ಗೆರೆಗೆ ಅಂಟಿಕೊಂಡಿರಬಾರದು. ಮಳೆಗೆ ಸುಣ್ಣದ ಬದಲು ಎರಡು ಬದಿಯಲ್ಲಿ ಕೋಲು ನೆಟ್ಟು ಬಟ್ಟೆ ಕಟ್ಟಿ, ಸಾಕು. ಮೇ ತಿಂಗಳಲ್ಲಿ ನಮಗೂ ರಜೆ. ನಿಮ್ಮ ಹುಡುಗರನ್ನು ಕರೆದುಕೊಂಡು ಒಂದು ಭಾನುವಾರ ಕಡೂರಿಗೆ ಬನ್ನಿ, ನಮ್ಮವರ ಜೊತೆ 1-0 ಇಟ್ಟುಕೊಂಡು ಆಡಿಸೋಣ.


ಹಾಸನದ ಗೋಲಿ
15 ಏಪ್ರಿಲ್

ಮೇಷ್ಟ್ರೇ, ಆ ಭಾನುವಾರ ಯಾವುದು ಅಂತ ನನಗೂ ತಿಳಿಸಿ. ಬೆಳಗಿನ ಬಸ್ಸಿಗೆ ಬರುತ್ತೇನೆ. ಗೆರೆ ಆಟದಲ್ಲಿ ಒಂದು ಕಡೆ ಗೋಲು ನಾನು ನಿಲ್ಲುತ್ತೇನೆ. ಸ್ಟಾಪರ್ ಅಣ್ಣನ ಮಾತು ನಿಜವಾ ಅಂತ ಅಲ್ಲಿ ನಿಂತೇ ನೋಡಬೇಕು ನನಗೆ.